ಎರಡು ಕಸುಬಿನ ಕೂನಾವ್

ಯೊಹಾನ್ ಕೂನಾವ್ ಎಂಬ ಹೆಸರನ್ನು ನಮ್ಮಲ್ಲಿ ಹೆಚ್ಚು ಜನ ಕೇಳಿರಲಿಕ್ಕಿಲ್ಲ. ಕೇಳಿದವರೂ ಬಹುಮಟ್ಟಿಗೆ ಒಂದೇ ಕಾರಣಕ್ಕೆ ಕೇಳಿರುತ್ತಾರೆ: ಲೈಪ್ಜಿಗ್ ನಗರದ ಸೇಂಟ್ ಥಾಮಸ್ ಚರ್ಚಿನಲ್ಲಿ ಬಾಖ್ ಕೂತ ಕುರ್ಚಿಯಲ್ಲಿ ಅವನಿಗಿಂತ ಮುಂಚೆ ಕೂತಿದ್ದವನು ಈತ. 1701ರಿಂದ 1722ರವರೆಗೆ, ಸಾಯುವ ತನಕ, ಅಲ್ಲಿನ ಕ್ಯಾಂಟರ್. ಸಂಗೀತದ ಇತಿಹಾಸ ಬರೆಯುವವರು ಸಾಮಾನ್ಯವಾಗಿ ಇವನಿಗೆ ಎರಡು ಸಾಲು ಕೊಡುತ್ತಾರೆ. ಮೊದಲನೆಯದು ಈ ಬಾಖ್ ಸಂಬಂಧ. ಎರಡನೆಯದು, "ಅಂದ ಹಾಗೆ, ಇವನು ವಕೀಲನೂ ಆಗಿದ್ದ" ಎಂಬ ಕುತೂಹಲದ ಸಾಲು. ಈ ಎರಡನೆಯ ಸಾಲೇ ಮೊದಲು ಬರಬೇಕಾಗಿತ್ತು ಎನ್ನುವುದು ನನ್ನ ವಾದ. ಕೂನಾವ್‌ನ ಸಂಗೀತದಲ್ಲಿ ಇವತ್ತಿಗೂ ಕೇಳುವಂಥದ್ದು ಏನಿದೆಯೋ ಅದರ ಬಹುಪಾಲು ಅವನು ವಕೀಲಿಕೆಯನ್ನೂ ಮಾಡುತ್ತಿದ್ದ ವರ್ಷಗಳದ್ದು. ಅದರಲ್ಲಿ ವಕೀಲನ ಬುದ್ಧಿ ಕಾಣುತ್ತದೆ.

ಮೊದಲು ಅವನ ಬದುಕಿನ ಕಥೆ. ಹುಟ್ಟಿದ್ದು 1660ರಲ್ಲಿ, ಸ್ಯಾಕ್ಸನಿ ಪ್ರಾಂತ್ಯದ ಗೈಸಿಂಗ್ ಎಂಬ ಪುಟ್ಟ ಊರಿನಲ್ಲಿ. ಹುಡುಗನಾಗಿದ್ದಾಗ ಡ್ರೆಸ್ಡೆನ್‌ನ ಚರ್ಚಿನಲ್ಲಿ ಹಾಡುತ್ತಿದ್ದ. 1680ರಲ್ಲಿ ಅಲ್ಲಿ ಪ್ಲೇಗು ಬಂದಾಗ ಊರಿಗೆ ಮರಳಿದ. ಆಮೇಲೆ ತ್ಸಿಟಾವ್ ಎಂಬ ಊರಿನ ಶಾಲೆ. ಅಲ್ಲಿನ ಮುಖ್ಯೋಪಾಧ್ಯಾಯ ಕ್ರಿಸ್ಟಿಯಾನ್ ವೈಸೆ, ಮಕ್ಕಳಿಂದ ಆಡಿಸಲು ತಾನೇ ನಾಟಕ ಬರೆಯುತ್ತಿದ್ದ ಮೇಷ್ಟ್ರು. 1682ರಲ್ಲಿ ಕೂನಾವ್ ಲೈಪ್ಜಿಗ್‌ಗೆ ಬಂದು ಕಾನೂನು ಓದಲು ಸೇರಿದ. 1684ರಲ್ಲಿ, ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಸೇಂಟ್ ಥಾಮಸ್ ಚರ್ಚಿನ ಆರ್ಗನ್ ವಾದಕನ ಕೆಲಸ ಸಿಕ್ಕಿತು. ಓದು ಬಿಡಲಿಲ್ಲ. 1688ರಲ್ಲಿ ಕಾನೂನಿನ ಪ್ರಬಂಧ ಒಪ್ಪಿಸಿದ. ವಿಷಯ: ಚರ್ಚಿನ ಸಂಗೀತಗಾರರಿಗೆ ಸಂಬಂಧಿಸಿದ ಕಾನೂನು! ಆಮೇಲೆ ವಕೀಲಿಕೆ ಶುರು. ವಾರದ ದಿನ ಕಕ್ಷಿದಾರರು, ಭಾನುವಾರ ಆರ್ಗನ್.

ಅವನ ಕಾಲದ ಜರ್ಮನಿಯಲ್ಲಿ ಇದು ಅಪರೂಪವಾಗಿರಲಿಲ್ಲ. ಟೆಲೆಮನ್ 1701ರಲ್ಲಿ ಲೈಪ್ಜಿಗ್‌ಗೆ ಬಂದದ್ದು ಕಾನೂನು ಓದಲು. ಕೂನಾವ್‌ನ ಶಿಷ್ಯರಾದ ಗ್ರೌಪ್ನರ್ ಮತ್ತು ಹೈನಿಖೆನ್ ಇಬ್ಬರೂ ಅಲ್ಲೇ ಕಾನೂನು ಓದಿದರು. ಹೈನಿಖೆನ್ ಸ್ವಲ್ಪ ಕಾಲ ವಕೀಲಿಕೆಯನ್ನೂ ಮಾಡಿದ. ಬಾಖ್‌ನ ಮಗ ಕಾರ್ಲ್ ಫಿಲಿಪ್ ಇಮ್ಯಾನುಯೆಲ್ ಓದಿದ್ದೂ ಕಾನೂನು. ನೂರು ಚಿಲ್ಲರೆ ವರ್ಷಗಳ ನಂತರ, 1828ರಲ್ಲಿ, ಶೂಮನ್ ಅದೇ ಲೈಪ್ಜಿಗ್‌ನಲ್ಲಿ ಅದೇ ಕಾನೂನಿಗೆ ಹೆಸರು ನೋಂದಾಯಿಸಿದ. ನಮ್ಮ ಮನೆಗಳಲ್ಲಿ ಇಂಜಿನಿಯರಿಂಗ್ ಇದ್ದ ಹಾಗೆ ಅವರ ಮನೆಗಳಲ್ಲಿ ಕಾನೂನು ಎಂದುಕೊಂಡರೆ ಹೆಚ್ಚು ವಿವರಿಸಬೇಕಾಗಿಲ್ಲ. "ಮೊದಲು ಒಂದು ಡಿಗ್ರಿ ಆಗಲಿ, ಆಮೇಲೆ ಏನು ಬೇಕಾದರೂ ಮಾಡು." ಈ ಮಾತು ಜರ್ಮನ್ ಭಾಷೆಯಲ್ಲೂ ಇದ್ದಿರಲೇಬೇಕು.

ಇನ್ನು ಇಸವಿಗಳನ್ನು ಗಮನಿಸಿ. ಕೂನಾವ್ ತನ್ನ ಕೀಬೋರ್ಡ್ ಸಂಗೀತವನ್ನು ನಾಲ್ಕು ಸಂಪುಟಗಳಲ್ಲಿ ಅಚ್ಚು ಹಾಕಿಸಿದ. 1689ರಲ್ಲಿ ಒಂದು, 1692ರಲ್ಲಿ ಎರಡನೆಯದು, 1696ರಲ್ಲಿ ಮೂರನೆಯದು, 1700ರಲ್ಲಿ ಕೊನೆಯದು. ಎರಡನೆಯ ಸಂಪುಟದ ತುದಿಯಲ್ಲಿ ಒಂದು ಸೊನಾಟಾ ಇದೆ. ಜರ್ಮನಿಯಲ್ಲಿ ಕೀಬೋರ್ಡಿಗೆಂದೇ ಅಚ್ಚಾದ ಮೊದಲ ಸೊನಾಟಾಗಳ ಮಾತು ಬಂದಾಗ ಇತಿಹಾಸಕಾರರು ಬೊಟ್ಟು ಮಾಡುವುದು ಅದರ ಕಡೆಗೆ. 1700ರಲ್ಲೇ ಒಂದು ಕಾದಂಬರಿಯನ್ನೂ ಪ್ರಕಟಿಸಿದ. ಮರುವರ್ಷ ಹಳೆಯ ಕ್ಯಾಂಟರ್ ಯೊಹಾನ್ ಶೆಲೆ ತೀರಿಕೊಂಡು ಆ ಹುದ್ದೆ ಕೂನಾವ್‌ಗೆ ಬಂತು. ಸಂಗೀತವೇ ಪೂರ್ಣಾವಧಿ ಉದ್ಯೋಗವಾಯಿತು. ಅಲ್ಲಿಂದ ಮುಂದಿನ ಇಪ್ಪತ್ತೊಂದು ವರ್ಷಗಳಲ್ಲಿ ಅವನು ಒಂದೇ ಒಂದು ಹೊಸ ಕೀಬೋರ್ಡ್ ಸಂಪುಟವನ್ನೂ ಹೊರತರಲಿಲ್ಲ.

"ಈ ಕೆಲಸ ಬಿಟ್ಟರೆ ಬರೆಯಬಹುದು" ಎಂದು ಒಮ್ಮೆಯಾದರೂ ಅಂದುಕೊಂಡವರು ಈ ಪತ್ರಿಕೆ ಓದುವವರಲ್ಲಿ ಬಹಳ ಮಂದಿ ಇರಬೇಕು. ಪುಣೆಯಲ್ಲಿ ಸಾಫ್ಟ್‌ವೇರ್ ಪ್ರಾಜೆಕ್ಟುಗಳನ್ನು ನಡೆಸುತ್ತ ಹದಿನೈದು ವರ್ಷ ಕಳೆದ ನಾನೂ ಆ ಗುಂಪಿನವನೇ. ಕೂನಾವ್‌ನ ಇಸವಿಗಳು ನನ್ನನ್ನು ಕೆಣಕಿದ್ದು ಆ ಕಾರಣಕ್ಕೆ.

1696ರ ಸಂಪುಟದ ಹೆಸರನ್ನು "ಕೀಬೋರ್ಡಿನ ತಾಜಾ ಹಣ್ಣುಗಳು" ಎಂದು ಕನ್ನಡಿಸಬಹುದು. ಏಳು ಸೊನಾಟಾಗಳಿವೆ. ದಿನಕ್ಕೊಂದರಂತೆ, ತನ್ನ ಮಾಮೂಲಿ ಕೆಲಸಗಳನ್ನೂ ಮಾಡಿಕೊಂಡು, ಒಂದೇ ವಾರದಲ್ಲಿ ಏಳನ್ನೂ ಬರೆದೆ ಎಂದು ಮುನ್ನುಡಿಯಲ್ಲಿ ಹೇಳಿಕೊಳ್ಳುತ್ತಾನೆ. ಪ್ರಾಜೆಕ್ಟ್ ಮ್ಯಾನೇಜರ್ ಆಗಿ ನನಗೆ ಇಂಥ ಅಂದಾಜುಗಳ ಮೇಲೆ ನಂಬಿಕೆ ಕಡಿಮೆ. ಆದರೆ ಇಲ್ಲಿ ಮುಖ್ಯವಾದದ್ದು ಬಡಾಯಿಯಲ್ಲ. ಆ ಸೊನಾಟಾಗಳನ್ನು ಕೇಳಿದರೆ ಅವಸರ ಕಾಣುವುದಿಲ್ಲ, ಒಂದು ಬಗೆಯ ಹಗುರ ಕಾಣುತ್ತದೆ. ಇವನ್ನು ಯಾರೂ ಅವನಿಂದ ಕೇಳಿರಲಿಲ್ಲ, ಯಾವ ಭಾನುವಾರದ ಪೂಜೆಗೂ ಅವು ಬೇಕಾಗಿರಲಿಲ್ಲ. ಹೊಟ್ಟೆಪಾಡಿಗೆ ವಕೀಲಿಕೆ ಇದ್ದುದರಿಂದ ಕೀಬೋರ್ಡಿನ ಮುಂದೆ ಅವನು ಯಾರಿಗೂ ಲೆಕ್ಕ ಒಪ್ಪಿಸಬೇಕಾಗಿರಲಿಲ್ಲ.

ಅವನ ಹೆಸರು ಉಳಿದಿರುವುದು ಮುಖ್ಯವಾಗಿ 1700ರ ಸಂಪುಟದಿಂದ. ಬೈಬಲ್ಲಿನ ಹಳೆಯ ಒಡಂಬಡಿಕೆಯ ಆರು ಕಥೆಗಳನ್ನು ಆರು ಸೊನಾಟಾಗಳಲ್ಲಿ ಹೇಳುವ ಪುಸ್ತಕ ಅದು. ದಾವೀದ ಗೊಲ್ಯಾತರ ಕಾಳಗ, ಹುಚ್ಚು ಕವಿದ ಸೌಲ ರಾಜನನ್ನು ದಾವೀದ ಸಂಗೀತದಿಂದ ಗುಣಪಡಿಸಿದ್ದು, ಯಾಕೋಬನ ಮದುವೆ, ಸಾಯುವ ಸ್ಥಿತಿಯಿಂದ ಚೇತರಿಸಿಕೊಂಡ ಹಿಜ್ಕೀಯ ರಾಜ, ಗಿದ್ಯೋನನ ಗೆಲುವು, ಯಾಕೋಬನ ಸಾವು ಮತ್ತು ಸಮಾಧಿ. ಪ್ರತಿ ಕಥೆಗೂ ಮೊದಲು ಗದ್ಯದಲ್ಲಿ ಒಂದು ವಿವರಣೆ. ಸ್ವರಲಿಪಿಯ ನಡುನಡುವೆ ಇಟಾಲಿಯನ್ ಭಾಷೆಯಲ್ಲಿ ಚಿಕ್ಕ ಚಿಕ್ಕ ಟಿಪ್ಪಣಿಗಳು: ಇಲ್ಲಿ ಕಲ್ಲು ಬೀಸಿದ್ದು, ಇಲ್ಲಿ ದೈತ್ಯ ಬಿದ್ದದ್ದು ಎಂಬಂತೆ. ಹರಿಕಥೆ ಕೇಳಿ ಬೆಳೆದವರಿಗೆ ಇದರ ಹದ ಬೇಗ ಹಿಡಿಯುತ್ತದೆ. ದಾಸರು ಮೊದಲು ಸಂದರ್ಭ ಹೇಳುತ್ತಾರೆ, ಆಮೇಲೆ ಹಾಡು. ವ್ಯತ್ಯಾಸವೆಂದರೆ ಇಲ್ಲಿ ಹಾಡಿಗೆ ಮಾತೇ ಇಲ್ಲ, ತಂತಿಯನ್ನು ಮೀಟುವ ಹಾರ್ಪ್ಸಿಕಾರ್ಡ್ ಎಂಬ ವಾದ್ಯವೊಂದೇ.

ಈ ಪುಸ್ತಕದ ಮುನ್ನುಡಿಯನ್ನು ಓದುವಾಗ ವಕೀಲ ಎದ್ದು ಬಂದು ಮಾತಾಡುತ್ತಾನೆ. ಮಾತಿಲ್ಲದ ಸಂಗೀತ ಕಥೆ ಹೇಳಬಲ್ಲದೇ ಎಂಬುದು ಪ್ರಶ್ನೆ. ಉತ್ಸಾಹಿಯಾದ ಕಲಾವಿದ "ಖಂಡಿತ ಹೇಳಬಲ್ಲದು" ಎನ್ನುತ್ತಿದ್ದ. ಕೂನಾವ್ ತನ್ನ ಹಕ್ಕನ್ನು ಅಳೆದು ತೂಗಿ ಮಂಡಿಸುತ್ತಾನೆ. ದುಃಖ, ಸಂತೋಷದಂಥ ಸಾಮಾನ್ಯ ಭಾವಗಳನ್ನು ಸಂಗೀತ ತಾನಾಗಿಯೇ ಮುಟ್ಟಿಸಬಲ್ಲದು. ಆದರೆ ಇದು ಹಿಜ್ಕೀಯನ ದುಃಖ, ಮತ್ತೊಬ್ಬನದಲ್ಲ ಎಂದು ಗೊತ್ತಾಗಬೇಕಾದರೆ ಮಾತಿನ ನೆರವು ಬೇಕು. ಆದ್ದರಿಂದಲೇ ಟಿಪ್ಪಣಿ. ತನಗಿಂತ ಮುಂಚೆ ಹೀಗೆ ಮಾಡಿದವರ ಉದಾಹರಣೆಯನ್ನೂ ಪೂರ್ವನಿದರ್ಶನದಂತೆ ಮುಂದಿಡುತ್ತಾನೆ. ರೋಗಿಯ ನರಳಾಟ, ಮನೆಯವರು ವೈದ್ಯನ ಬಳಿಗೆ ಓಡುವುದು ಎಲ್ಲವನ್ನೂ ತೋರಿಸುತ್ತಿದ್ದ, ವೈದ್ಯಕೀಯದ ಹೆಸರೇ ಇದ್ದ ಒಂದು ಸೊನಾಟಾ ಅದು. ಕೊನೆಯ ಕುಣಿತದ ತುಣುಕಿಗೆ ರೋಗಿ ಸುಧಾರಿಸಿದ್ದಾನೆ, ಆದರೆ ಪೂರ್ತಿ ಗುಣವಾಗಿಲ್ಲ ಎಂಬ ಅರ್ಥವಂತೆ. ಇದನ್ನು ಹೇಳುವಾಗ ಕೂನಾವ್ ನಗುತ್ತಿದ್ದಾನೆ, ಜೊತೆಗೆ ತನ್ನ ದಾವೆಯನ್ನೂ ಗಟ್ಟಿ ಮಾಡಿಕೊಳ್ಳುತ್ತಿದ್ದಾನೆ.

ಹಾಗಾದರೆ ದಾವೆ ಗೆಲ್ಲುತ್ತದೆಯೇ? ಆರೂ ಒಂದೇ ತೂಕದ ಕೃತಿಗಳಲ್ಲ.

ಎಲ್ಲರೂ ಹೆಚ್ಚು ನುಡಿಸುವುದು ಮೊದಲನೆಯದನ್ನು, ದಾವೀದ ಗೊಲ್ಯಾತರದನ್ನು. ದೈತ್ಯನ ಜಂಬಕ್ಕೆ ಕೆಳಗಿನ ಸ್ವರಗಳಲ್ಲಿ ನೆಲ ಗುದ್ದುವ ಲಯ, ಕಲ್ಲಿಗೆ ಸರ್ರನೆ ಹಾರುವ ಒಂದು ಸ್ವರಪಂಕ್ತಿ, ಬೀಳುವುದಕ್ಕೆ ಇಳಿಯುವ ಸ್ವರಗಳು, ಫಿಲಿಷ್ಟಿಯರ ಓಟಕ್ಕೆ ಓಡುವ ಬೆರಳುಗಳು. ಮಕ್ಕಳಿಗೆ ಕೇಳಿಸಿದರೆ ಖುಷಿಪಡುತ್ತಾರೆ. ನನಗೆ ಇದರಲ್ಲಿ ನಿಜವಾಗಿ ಸಂಗೀತ ಎನಿಸುವುದು ಎರಡನೆಯ ಭಾಗ ಮಾತ್ರ. ಹೆದರಿದ ಇಸ್ರಾಯೇಲರು ದೇವರಿಗೆ ಮೊರೆಯಿಡುವ ಜಾಗ ಅದು. ಲುಥರನ್ ಸಭೆಗಳಲ್ಲಿ ಎಲ್ಲರಿಗೂ ಬಾಯಿಪಾಠವಾಗಿದ್ದ ಒಂದು ಭಕ್ತಿಗೀತೆಯ ಧಾಟಿಯನ್ನು ಕೂನಾವ್ ಅಲ್ಲಿ ತರುತ್ತಾನೆ. ಕೆಳಗೆ ಸ್ವರಗಳು ಒಂದೇ ಸಮನೆ ನಡುಗುತ್ತಿರುತ್ತವೆ. ಹಾಡು ಅಲುಗುವುದಿಲ್ಲ, ಹಾಡುವವರು ನಡುಗುತ್ತಿದ್ದಾರೆ. ಇದಕ್ಕೆ ಟಿಪ್ಪಣಿ ಬೇಕಾಗಿಲ್ಲ.

ಮೂರನೆಯದರಲ್ಲಿ ಯಾಕೋಬನಿಗೆ ಮೋಸವಾಗುತ್ತದೆ. ರಾಹೇಲಳನ್ನು ಕೊಡುತ್ತೇನೆಂದ ಮಾವ ಲಾಬಾನ ಲೇಯಳನ್ನು ಕೊಡುತ್ತಾನೆ. ಕೂನಾವ್ ಇಲ್ಲಿ ಕಿವಿ ಒಂದು ಕಡೆ ನಿಲ್ಲುತ್ತದೆಂದು ಕಾಯುವಾಗ ಸಂಗೀತವನ್ನು ಬೇರೆ ಕಡೆ ತಿರುಗಿಸುತ್ತಾನೆ. ಗಿದ್ಯೋನನ ಕಥೆಯಲ್ಲಿ ಸಂಶಯವನ್ನು ತೋರಿಸಲು ಒಂದೇ ಪಲುಕನ್ನು ಪ್ರತಿ ಸಲ ಒಂದು ಸ್ವರ ಸರಿಸಿ ಶುರು ಮಾಡುತ್ತಾನೆ, ಶ್ರುತಿ ಸಿಗದೆ ತಡಕಾಡುವ ಗಾಯಕನ ಹಾಗೆ. ಜಾಣತನ ಒಪ್ಪತಕ್ಕದ್ದೇ. ಆದರೆ ಇವು ವಿವರಣೆ ಓದಿದ ಮೇಲೆ ತಲೆದೂಗುವ ಜಾಗಗಳು. ಪುಸ್ತಕ ಮುಚ್ಚಿಟ್ಟು ಕೇಳಿದರೆ ಮೋಸವೂ ಇಲ್ಲ, ಸಂಶಯವೂ ಇಲ್ಲ, ಬರೀ ಸ್ವರಗಳ ಸರಿದಾಟ. ಇಲ್ಲಿ ವಕೀಲ ಸಾಕ್ಷಿಗಿಂತ ಹೆಚ್ಚು ಮಾತಾಡಿಬಿಟ್ಟಿದ್ದಾನೆ.

ಎರಡನೆಯ ಸೊನಾಟಾ, ಸೌಲನದು, ಇವೆಲ್ಲಕ್ಕಿಂತ ಮೇಲಿನದು. ಮೊದಲ ಭಾಗ ರಾಜನ ವಿಷಾದ ಮತ್ತು ರೋಷ. ಒಂದು ತಾಳಕ್ಕೆ ಸಿಗದ ತುಂಡು ತುಂಡು ಮಾತುಗಳಂಥ ಸಂಗೀತ, ನಡುವೆ ಎಲ್ಲಿಗೋ ನುಗ್ಗುವ ಓಟಗಳು. ಕೂನಾವ್‌ನ ಕಾಲದ ವ್ಯಾಕರಣದಲ್ಲಿ ಎರಡು ದನಿಗಳು ಷಡ್ಜ ಪಂಚಮದ ಅಂತರ ಇಟ್ಟುಕೊಂಡು ಜೊತೆಜೊತೆಗೆ ಸಾಗುವುದು ದೊಡ್ಡ ತಪ್ಪು. ಅಂಥ ತಪ್ಪೆಂದು ಕಾಣುವ ಜಾಗವನ್ನು ಅವನು ಇಲ್ಲಿ ಬೇಕೆಂದೇ ಇಟ್ಟಿದ್ದಾನೆ. ಮುನ್ನುಡಿಯಲ್ಲೇ ಹೇಳುತ್ತಾನೆ, ಇದು ಸೌಲನ ಬುದ್ಧಿಭ್ರಮಣೆ, ನನ್ನ ಅಜ್ಞಾನ ಅಲ್ಲ ಎಂಬ ಅರ್ಥದಲ್ಲಿ. ಆಕ್ಷೇಪಣೆ ಬರುವ ಮುಂಚೆಯೇ ಉತ್ತರ ಸಲ್ಲಿಸುವ ಈ ಅಭ್ಯಾಸ ಕೋರ್ಟಿನದು. ಆದರೆ ಕಂಡ ಕಾಣ್ಕೆ ಕಲಾವಿದನದು: ಹುಚ್ಚನ್ನು ತೋರಿಸಲು ಗದ್ದಲ ಬೇಕಿಲ್ಲ, ನಿಯಮ ಎಲ್ಲೋ ಒಂದು ಕಡೆ ಮೆಲ್ಲಗೆ ಜಾರಿದರೆ ಸಾಕು. ನಿಯಮ ಬಲ್ಲವನಿಗೆ ಮಾತ್ರ ಹೊಳೆಯುವ ಕಾಣ್ಕೆ ಇದು. ಅದಾದ ಮೇಲೆ ದಾವೀದನ ಹಾರ್ಪ್ ಬರುತ್ತದೆ. ಸರಳ ಲಯ, ಮತ್ತೆ ಮತ್ತೆ ಅದೇ ಚಲನೆ, ಜ್ವರ ಬಂದವನ ಹಣೆಗೆ ಒದ್ದೆ ಬಟ್ಟೆ ಹಾಕಿ ತೆಗೆದ ಹಾಗೆ. ಇದನ್ನು ಹೆಸರು ಗೊತ್ತಿಲ್ಲದೆ ಕೇಳಿದರೂ ಯಾರೋ ನರಳುತ್ತಿದ್ದರು, ಯಾರೋ ಬಂದು ಪಕ್ಕದಲ್ಲಿ ಕೂತರು ಎಂದು ತಿಳಿಯುತ್ತದೆ. ಟಿಪ್ಪಣಿ ಬೇಕೇಬೇಕು ಎಂಬ ತನ್ನ ವಾದವನ್ನು ಕೂನಾವ್ ತಾನೇ ಸೋಲಿಸುವುದು ಇಲ್ಲಿ.

ಅದೇ 1700ರಲ್ಲಿ ಬಂದ ಕಾದಂಬರಿಯ ಹೆಸರು "ಸಂಗೀತದ ನಾಟಿವೈದ್ಯ" ಎಂದಾಗಬಹುದೇನೋ. ಬೀದಿಯಲ್ಲಿ ಔಷಧಿ ಮಾರುವ ಮೋಸಗಾರ ವೈದ್ಯರಿಗೆ ಜರ್ಮನ್‌ನಲ್ಲಿರುವ ಮಾತು ಅದು. ನಾಯಕ ಕರಾಫಾ ಒಬ್ಬ ಜರ್ಮನ್. ಇಟಲಿಯಲ್ಲಿ ಸ್ವಲ್ಪ ಕಾಲ ಇದ್ದು ಬಂದು, ಊರಿಗೆ ಮರಳಿದ ಮೇಲೆ ತಾನೇ ಇಟಾಲಿಯನ್ ಮಹಾವಿದ್ವಾಂಸ ಎಂದು ಮೆರೆಯುತ್ತಾನೆ. ನುಡಿಸಲು ಹೇಳಿದಾಗ ಒಂದಿಲ್ಲೊಂದು ನೆಪ. ಆರು ತಿಂಗಳು ಹೊರದೇಶದಲ್ಲಿದ್ದು ಬಂದು ಉಚ್ಚಾರಣೆ ಬದಲಾಯಿಸಿಕೊಂಡವರನ್ನು ನೋಡಿದವರಿಗೆ ಕರಾಫಾ ಹಳಬನಲ್ಲ. ಸ್ವಾರಸ್ಯವೆಂದರೆ, ಇಟಾಲಿಯನ್ ಸೋಗನ್ನು ಹೀಗೆ ಗೇಲಿ ಮಾಡಿದ ವರ್ಷವೇ ಕೂನಾವ್ ತನ್ನ ಸೊನಾಟಾಗಳಿಗೆ ಟಿಪ್ಪಣಿ ಬರೆದದ್ದು ಇಟಾಲಿಯನ್‌ನಲ್ಲಿ. ಇದರಲ್ಲಿ ವಿರೋಧ ಕಾಣುವುದಿಲ್ಲ. ಅವನಿಗೆ ಆ ಭಾಷೆ ಚೆನ್ನಾಗಿ ಬರುತ್ತಿತ್ತು, ಅದರಿಂದ ಅನುವಾದವನ್ನೂ ಮಾಡುತ್ತಿದ್ದ. ಅವನ ಸಿಟ್ಟು ಪರಭಾಷೆಯ ಮೇಲಲ್ಲ, ದಸ್ತಾವೇಜು ಇಲ್ಲದೆ ಹಕ್ಕು ಸ್ಥಾಪಿಸುವವರ ಮೇಲೆ.

ಇನ್ನು 1701ರ ನಂತರದ ಕಥೆ. ಕ್ಯಾಂಟರ್ ಎಂದರೆ ಶಾಲೆಯ ಹುಡುಗರಿಗೆ ಪಾಠ, ಮುಖ್ಯ ಚರ್ಚುಗಳ ಸಂಗೀತದ ಹೊಣೆ, ಹಬ್ಬಗಳಿಗೆ ಹೊಸ ಕೃತಿ, ಸಾವಿನ ಮೆರವಣಿಗೆಗೆ ಹಾಡು, ಮೇಲೆ ನಗರಸಭೆಯ ಯಜಮಾನರು. ಅದೇ ವರ್ಷ ಕಾನೂನು ಓದಲು ಬಂದ ಟೆಲೆಮನ್‌ಗೆ ಇಪ್ಪತ್ತು ವಯಸ್ಸು. ಅವನು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ವಾದ್ಯಮೇಳ ಶುರು ಮಾಡಿದ, ಒಪೆರಾ ನಡೆಸಿದ, 1704ರಲ್ಲಿ ಊರಿನ ಇನ್ನೊಂದು ಚರ್ಚಿನ ಸಂಗೀತವನ್ನೂ ಹಿಡಿದ. ಒಳ್ಳೆಯ ವಾದಕರು, ಗಾಯಕರೆಲ್ಲ ಆ ಕಡೆ ಹೋದರು. ಕೂನಾವ್‌ಗೆ ಉಳಿದದ್ದು ದನಿ ಒಡೆದ ಶಾಲಾ ಹುಡುಗರು. 1703ರಲ್ಲಿ ಅವನಿಗೆ ಕಾಯಿಲೆಯಾದಾಗ ನಗರಸಭೆ ಟೆಲೆಮನ್‌ನನ್ನು ಮುಂಚಿತವಾಗಿಯೇ ವಿಚಾರಿಸಿತು, ಈ ಜಾಗಕ್ಕೆ ಬರುತ್ತೀಯಾ ಎಂದು. ಕೂನಾವ್ ಬದುಕಿಕೊಂಡ.

ಆಮೇಲೆ ವಕೀಲ ತನಗೆ ಗೊತ್ತಿದ್ದ ಕೆಲಸ ಮಾಡಿದ: ಅರ್ಜಿ ಬರೆದ. ಮತ್ತೆ ಮತ್ತೆ ಬರೆದ. 1709ರ ಮನವಿಯಲ್ಲಿ ವಾದ್ಯಗಳ ಸ್ಥಿತಿ, ವಾದಕರ ಕೊರತೆ, ಒಪೆರಾ ಹುಡುಗರನ್ನು ಸೆಳೆದುಕೊಳ್ಳುವುದು ಎಲ್ಲವನ್ನೂ ಕ್ರಮವಾಗಿ ಜೋಡಿಸಿದ್ದಾನೆ. ನನ್ನ ವೃತ್ತಿಯಲ್ಲಿ ಇಂಥ ಪತ್ರಕ್ಕೆ ಹೆಸರಿದೆ, ರಿಸೋರ್ಸ್ ರಿಕ್ವೆಸ್ಟ್. ಜನ ಕೊಡಿ, ಸಲಕರಣೆ ಕೊಡಿ, ಇಲ್ಲದಿದ್ದರೆ ಗುಣಮಟ್ಟಕ್ಕೆ ನಾನು ಜವಾಬ್ದಾರನಲ್ಲ. ಓದಿದವರು "ಪರಿಶೀಲಿಸಲಾಗುವುದು" ಎನ್ನುತ್ತಾರೆ. ಕೂನಾವ್‌ನ ಅರ್ಜಿಗಳಿಂದ ಹೆಚ್ಚೇನೂ ಬದಲಾಗಲಿಲ್ಲ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ: 1730ರಲ್ಲಿ ಬಾಖ್ ಅದೇ ನಗರಸಭೆಗೆ ಬರೆದ ಪ್ರಸಿದ್ಧ ಮನವಿಯಲ್ಲಿ ಹೆಚ್ಚುಕಡಿಮೆ ಅದೇ ದೂರುಗಳಿವೆ. ಸೊನಾಟಾದ ಮುನ್ನುಡಿಯಲ್ಲಿ ವಾದ ಗೆಲ್ಲುತ್ತಿತ್ತು, ಏಕೆಂದರೆ ಅಲ್ಲಿ ಓದುಗ ಕೇಳಲು ಸಿದ್ಧನಾಗಿ ಬಂದಿರುತ್ತಿದ್ದ. ನಗರಸಭೆಯ ಮುಂದೆ ಅದೇ ತರ್ಕ, ಅದೇ ಭಾಷೆ ಸೋತಿತು.

ಇದಕ್ಕೆ ಆಕ್ಷೇಪ ಎತ್ತಬಹುದು. ಕ್ಯಾಂಟರ್ ಆದ ಮೇಲೆ ಅವನು ಸುಮ್ಮನೆ ಕೂತಿರಲಿಲ್ಲ, ಚರ್ಚಿಗಾಗಿ ಬೇಕಾದಷ್ಟು ಬರೆದ, ಅದರಲ್ಲಿ ಬಹುಪಾಲು ಕಳೆದುಹೋಗಿದೆ ಅಷ್ಟೆ. ನಿಜ. 1721ರ ಶುಭ ಶುಕ್ರವಾರ ಸೇಂಟ್ ಥಾಮಸ್ ಚರ್ಚಿನಲ್ಲಿ ವಾದ್ಯಮೇಳದೊಂದಿಗೆ ಕ್ರಿಸ್ತನ ಯಾತನೆಯ ಕಥೆಯನ್ನು ಮೊದಲ ಸಲ ಹಾಡಿಸಿದವನು ಕೂನಾವ್. ಮೂರೇ ವರ್ಷದ ನಂತರ ಬಾಖ್ ಯೋಹಾನನ ಸುವಾರ್ತೆಯ ತನ್ನ ಮಹಾಕೃತಿಯನ್ನು ಲೈಪ್ಜಿಗ್‌ನಲ್ಲಿ ಕೇಳಿಸಿದ್ದು ಈ ರೂಢಿಯ ಮೇಲೆ. ಕೂನಾವ್‌ನ ಆ ಕೃತಿ ಪೂರ್ತಿಯಾಗಿ ಉಳಿದಿಲ್ಲ. ಹಾಗಾಗಿ ಅವನ ಕೊನೆಯ ಇಪ್ಪತ್ತು ವರ್ಷ ಬಂಜರು ಎಂದು ತೀರ್ಪು ಕೊಡಲು ನಮ್ಮಲ್ಲಿ ಪುರಾವೆ ಸಾಲದು. ಆದರೆ ಒಂದು ಮಾತು ನಿಲ್ಲುತ್ತದೆ. ಯಾರೂ ಕೇಳದೆ, ತನ್ನ ಖುಷಿಗೆ, ತನ್ನ ಹೆಸರಿನಲ್ಲಿ ಅಚ್ಚು ಹಾಕಿಸಿ ಲೋಕದ ಮುಂದಿಟ್ಟ ಸಂಗೀತ ನಿಂತದ್ದು ಸಂಗೀತವೇ ಉದ್ಯೋಗವಾದ ವರ್ಷದಲ್ಲಿ.

ಕನ್ನಡದಲ್ಲಿ ನಮಗೆ ಇದು ಹೊಸ ಸಂಗತಿಯಾಗಬೇಕಾಗಿಲ್ಲ. ಮಾಸ್ತಿ ಮೈಸೂರು ಸಂಸ್ಥಾನದ ಅಧಿಕಾರಿ, ಕೈಲಾಸಂ ಭೂವಿಜ್ಞಾನ ಓದಿದವರು, ಆಲೂರು ವೆಂಕಟರಾಯರು ವಕೀಲರು, ರಾಶಿ ವೈದ್ಯರು. ಇವರ ಬಗ್ಗೆ "ಕೆಲಸದ ನಡುವೆಯೂ ಬರೆದರು" ಎಂದು ಹೇಳುವುದು ನಮ್ಮ ರೂಢಿ. ಆ "ನಡುವೆಯೂ" ಎಂಬ ಪದವನ್ನು ಕೂನಾವ್ ಅನುಮಾನಿಸುವಂತೆ ಮಾಡುತ್ತಾನೆ. ಸೌಲನ ಸೊನಾಟಾದಲ್ಲಿರುವ ಬೇಕೆಂದೇ ಮಾಡಿದ ತಪ್ಪು, ನಿಯಮದ ಜೊತೆ ದಿನವಿಡೀ ಒಡನಾಡಿದವನು ಮಾಡಿದ ತಪ್ಪು. ಒಂದು ಕಸುಬು ಇನ್ನೊಂದರ ಸಮಯವನ್ನು ತಿಂದಿತು ಎಂದು ಲೆಕ್ಕ ಹಾಕುವಾಗ, ಒಂದು ಇನ್ನೊಂದಕ್ಕೆ ಏನು ಕೊಟ್ಟಿತು ಎಂಬ ಕಾಲಂ ಅನ್ನೂ ತುಂಬಬೇಕಾಗುತ್ತದೆ. ಎರಡು ಕಸುಬು ಇದ್ದರೆ ಸಾಕು ಎಂಬ ಸಮಾಧಾನ ಮಾತ್ರ ಇದರಲ್ಲಿಲ್ಲ. ರಾತ್ರಿ ಕೂತು ಬರೆಯುವ ಕೆಲಸವನ್ನು ಕೂನಾವ್ ಮಾಡಿದ. ನಮ್ಮಲ್ಲಿ ಬಹಳ ಜನ ಬಿಡುವಿಗಾಗಿ ಕಾಯುತ್ತಿರುತ್ತೇವೆ.

1722ರ ಜೂನ್ 5ರಂದು ಅವನು ತೀರಿಕೊಂಡ. ನಗರಸಭೆ ಮೊದಲು ಟೆಲೆಮನ್‌ನನ್ನು ಆರಿಸಿತು, ಅವನು ಬರಲಿಲ್ಲ. ಕೂನಾವ್‌ನ ಶಿಷ್ಯ ಗ್ರೌಪ್ನರ್‌ನನ್ನು ಅವನ ಧಣಿ ಬಿಟ್ಟುಕೊಡಲಿಲ್ಲ. ಕೊನೆಗೆ ಬಂದವನು ಬಾಖ್. ಇಬ್ಬರಿಗೂ ಮೊದಲೇ ಪರಿಚಯವಿತ್ತು, 1716ರಲ್ಲಿ ಹಾಲೆ ನಗರದ ಹೊಸ ಆರ್ಗನ್ನನ್ನು ಪರೀಕ್ಷಿಸಲು ಜೊತೆಯಾಗಿ ಹೋಗಿದ್ದರು. ಮುಂದೆ ಬಾಖ್ ತನ್ನ ಕೀಬೋರ್ಡ್ ಕೃತಿಗಳನ್ನು ಅಚ್ಚು ಹಾಕಿಸುವಾಗ ಸಂಪುಟಕ್ಕೆ ಇಟ್ಟ ಹೆಸರು, ಕ್ಲಾವಿಯರ್ ಊಬುಂಗ್, ಕೂನಾವ್ ತನ್ನ ಮೊದಲ ಎರಡು ಸಂಪುಟಗಳಿಗೆ ಇಟ್ಟಿದ್ದ ಹೆಸರೇ.

ಸೊನಾಟಾಗಳ ಧ್ವನಿಮುದ್ರಣಗಳು ಯೂಟ್ಯೂಬಿನಲ್ಲಿ ಸುಲಭವಾಗಿ ಸಿಗುತ್ತವೆ. ಸೌಲನಿಂದ ಶುರು ಮಾಡಿ, ಆಮೇಲೆ ನಾಲ್ಕನೆಯದಕ್ಕೆ, ಹಿಜ್ಕೀಯನದಕ್ಕೆ ಹೋಗಿ. ಸಾವಿನ ಬಾಗಿಲಿಂದ ಹಿಂದಿರುಗಿದ ರಾಜನ ಸಂತೋಷವನ್ನು ಹೇಳುವ ಕೊನೆಯ ಭಾಗದಲ್ಲಿ, ಕುಣಿಯುತ್ತಿದ್ದ ಸಂಗೀತ ಇದ್ದಕ್ಕಿದ್ದಂತೆ ಮಂಕಾಗುತ್ತದೆ. ಟಿಪ್ಪಣಿ ಹೇಳುತ್ತದೆ: ಕಳೆದ ಕಾಯಿಲೆ ನೆನಪಾಯಿತು. ಸ್ವಲ್ಪ ಹೊತ್ತಿಗೆ ಇನ್ನೊಂದು ಟಿಪ್ಪಣಿ: ಮರೆತುಹೋಯಿತು. ಸಂಗೀತ ಮತ್ತೆ ಕುಣಿಯತೊಡಗುತ್ತದೆ.